ದಾಕ್ಷಿ ಹೆಸರು ಒಪ್ಪಿಸಿದ ದಿನ

ನೀಲಗಂಗಾ ಮದುವೆಯಾಗಿ ನಮ್ಮೂರಿಗೆ ಬಂದ ದಿನವೇ ಸಂಜೆ ಅವಳ ಅಂಗೈಯ ಮದರಂಗಿಯಲ್ಲಿ ಬರೆದಿದ್ದ ಗಂಡನ ಹೆಸರು ಅಳಿಸಿಹೋಯಿತು. ಬಳ್ಳಿ, ಎಲೆ, ಹೂವು ಎಲ್ಲ ಹಾಗೇ ಇದ್ದವು. ಹೆಸರಿದ್ದ ಜಾಗದಲ್ಲಿ ಮಾತ್ರ ಬರಿಯ ಅಂಗೈ. ಅಪಶಕುನವೆಂದು ಹೆದರಿ ಹುಡುಗಿ ಅಳತೊಡಗಿದಳು. ಅವಳ ಅತ್ತೆ ಗುರಸಿದ್ದವ್ವ ಪಕ್ಕದಲ್ಲಿ ಕೂತು ತಲೆ ಸವರಿ, ಈ ಊರಲ್ಲಿ ಅಕ್ಷರ ಹೊತ್ತು ಮುಳುಗುವವರೆಗೆ ಮಾತ್ರ ನಿಲ್ಲುತ್ತದೆ, ಕಾಗದವಾಗಲಿ ಕಲ್ಲಾಗಲಿ ಫೋನಾಗಲಿ ಅಷ್ಟೇ, ಗಂಡನ ಹೆಸರು ಬಾಯಲ್ಲಿದ್ದರೆ ಸಾಕು ಎಂದು ಸಮಾಧಾನ ಮಾಡಿದಳು. ನಾನು ಅಲ್ಲೇ ಇದ್ದೆ. ನನ್ನ ಹಿಟ್ಟಿನ ಗಿರಣಿ ಅವರ ಮನೆಗೆ ಎದುರಾಗಿ ಇದೆ. ಅವರ ಮನೆಯ ಹುಟ್ಟು ಸಾವು ಮದುವೆ ಯಾವುದೂ ನನ್ನ ಕಣ್ಣು ತಪ್ಪಿಸಿ ಆದದ್ದಲ್ಲ.

ನಮಗೆ ಇದೇನು ದೊಡ್ಡ ವಿಷಯವಲ್ಲ. ಅಂಗಡಿಗಳ ಮುಂದೆ ಹೆಸರಿಲ್ಲ, ಚಿತ್ರಗಳಿವೆ. ಔಷಧದ ಅಂಗಡಿಯವನು ಮಾತ್ರೆಯ ಜೊತೆಗೆ ಗಂಟು ಹಾಕಿದ ದಾರ ಕೊಡುತ್ತಾನೆ. ಎಷ್ಟು ಗಂಟೋ ದಿನಕ್ಕೆ ಅಷ್ಟು ಮಾತ್ರೆ. ಅಂಚೆಯವನು ಬಿಸಿಲಿರುವಾಗಲೇ ಬಂದು ಪತ್ರ ಓದಿ ಹೇಳಿ ಹಾಳೆಯನ್ನು ಕೈಗೆ ಕೊಟ್ಟು ಹೋಗುತ್ತಾನೆ. ಒಲೆ ಹೊತ್ತಿಸಲು ಬರುತ್ತದೆ. ಸಾಲೆಯಲ್ಲಿ ಎಲ್ಲವೂ ಬಾಯಿಪಾಠ. ಇನ್ನು ಓಣಿಗೊಂದು ನೆನಪಿನ ಮನೆ ಇರುತ್ತದೆ. ಯಾರು ಯಾವಾಗ ಹುಟ್ಟಿದರು, ಯಾರಿಗೆ ಯಾರನ್ನು ಕೊಟ್ಟರು, ಯಾರ ಹಿತ್ತಲು ಎಲ್ಲಿಯ ತನಕ, ಎಲ್ಲವನ್ನೂ ಆ ಮನೆಯ ಹಿರಿಯರು ತಲೆಯಲ್ಲಿ ಇಟ್ಟುಕೊಂಡು ಕೇಳಿದಾಗ ಹೇಳಬೇಕು. ನಮ್ಮ ಓಣಿಯ ನೆನಪಿನ ಮನೆ ಎಂದರೆ ನೀಲಗಂಗಾ ಸೇರಿದ ಮನೆಯೇ. ಅವಳ ಮಾವ ರುದ್ರಮುನಿ ಅವರು ಒಮ್ಮೆ ಕೇಳಿದ್ದನ್ನು ಮರೆತವರಲ್ಲ, ಇಲ್ಲದ್ದನ್ನು ಸೇರಿಸಿದವರೂ ಅಲ್ಲ. ಅವಳ ಗಂಡ ಮಡಿವಾಳಪ್ಪ ಊರಿನ ಬಸ್ಸು ಓಡಿಸುತ್ತಾನೆ. ಮಾತು ಕಡಿಮೆಯ ಮನುಷ್ಯ.

ಎಂಟು ತುಂಬಿದ ಮಕ್ಕಳು ಸಂಕ್ರಮಣ ಕಳೆದ ಮೇಲೆ ಒಂದು ದಿನ ಓಣಿಯ ಕಟ್ಟೆ ಹತ್ತಿ ಹೆಸರು ಒಪ್ಪಿಸಬೇಕು. ತಾಯಿ, ತಂದೆ, ಅಜ್ಜ, ಅಜ್ಜಿ, ಕೊನೆಗೆ ತನ್ನದು. ಮನೆಯವರಲ್ಲದ ಒಬ್ಬರು ಪಕ್ಕದಲ್ಲಿ ನಿಂತು, ಮಗು ಹೇಳಿದ್ದನ್ನು ಕೇಳಿ, ತಿರುಗಿ ಗಟ್ಟಿಯಾಗಿ ಹೇಳಬೇಕು. ಆಮೇಲೆ ನೆನಪಿನ ಮನೆಯ ಹಿರಿಯರು ಆ ಹೆಸರನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಆ ಮಗು ಓಣಿಯ ಮನುಷ್ಯ. ಅದರ ಮಾತಿಗೆ ಸಾಕ್ಷಿಯ ಬೆಲೆ, ಮನೆಯಲ್ಲಿ ಪಾಲು, ಸತ್ತ ಮೇಲೂ ಹೆಸರು. ಒಪ್ಪಿಸದೆ ಉಳಿದವರು ನನಗೆ ತಿಳಿದಂತೆ ಯಾರೂ ಇರಲಿಲ್ಲ.

ನೀಲಗಂಗಾಳಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಎಲ್ಲರೂ ದಾಕ್ಷಿ ಎನ್ನುತ್ತಿದ್ದೆವು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗುರಸಿದ್ದವ್ವ ಜೋಳ ಬೀಸಿಸಲು ಬರುತ್ತಿದ್ದಳು. ಗಿರಣಿ ಶುರುವಾದರೆ ಬೇರೆ ಮಕ್ಕಳು ಬೆಚ್ಚಿಬಿದ್ದು ಅಳುತ್ತಿದ್ದವು. ಇವಳು ಹಿಟ್ಟಿನ ಚೀಲದ ಮೇಲೆ ನಿದ್ದೆ ಹೋಗುತ್ತಿದ್ದಳು. ಎಂಥ ಶಾಂತ ಕೂಸು ಎಂದು ನಾನೇ ಹೊಗಳಿದ್ದೆ. ಆಮೇಲೆ ಹೊರಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ಗೊತ್ತಾಯಿತು, ಕಿವಿಯ ಒಳಗಿನ ನರವೇ ಬೆಳೆದಿಲ್ಲ, ಮಷಿನ್ನಿಗೂ ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು. ಬೇರೆ ಊರಾಗಿದ್ದರೆ ಬರೆದು ತೋರಿಸಿ ಕಲಿಸುತ್ತಿದ್ದರೇನೋ. ನಮ್ಮೂರಲ್ಲಿ ಬೆಳಿಗ್ಗೆ ಕಲಿತ ಅಕ್ಷರವನ್ನು ಸಂಜೆ ಗೋಡೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ.

ದಾಕ್ಷಿಗೆ ಜಗತ್ತೆಂದರೆ ಅಜ್ಜಿ. ಅವಳ ಪಕ್ಕದಲ್ಲೇ ಮಲಗುವುದು, ಅವಳ ತಟ್ಟೆಯಲ್ಲೇ ಉಣ್ಣುವುದು. ಗುರಸಿದ್ದವ್ವ ನಶ್ಯ ಏರಿಸಿದರೆ ಇವಳೂ ಮೂಗು ಹಿಡಿದು ಸೀನಿದ ಹಾಗೆ ಮಾಡುವಳು. ದಾಕ್ಷಿಗೆ ಆರು ವರ್ಷವಾದಾಗ ಗುರಸಿದ್ದವ್ವ ತೀರಿಕೊಂಡಳು. ಆ ದಿನ ಮಗುವನ್ನು ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೆ. ಸಂಜೆ ತಿರುಗಿ ಕಳಿಸಿದಾಗ ಅಜ್ಜಿಯ ಹಾಸಿಗೆ ಸುತ್ತಿಟ್ಟಿತ್ತು. ಎಲ್ಲಿ ಹೋದಳೆಂದು ಅದಕ್ಕೆ ಹೇಳುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಮಾತು ಬರುವ ಮಕ್ಕಳಿಗಾದರೆ ದೇವರ ಹತ್ತಿರ ಹೋದಳು ಎಂದಾದರೂ ಅನ್ನುತ್ತೇವೆ. ಇವಳು ದಿನಾ ಊಟದ ಹೊತ್ತಿಗೆ ಅಜ್ಜಿಯ ತಟ್ಟೆ ತಂದು ಇಡುವಳು. ಯಾರಾದರೂ ಎತ್ತಿಟ್ಟರೆ ನೆಲಕ್ಕೆ ಬಿದ್ದು ಒದ್ದಾಡುವಳು. ಬರಬರುತ್ತ ಒದ್ದಾಟ ಹೆಚ್ಚಾಯಿತು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿದಳು.

ರುದ್ರಮುನಿ ಅವರು ವಿಚಾರಿಸಿ, ದೂರದಲ್ಲಿ ಕಿವುಡ ಮಕ್ಕಳ ವಸತಿ ಸಾಲೆ ಇದೆ, ಅಲ್ಲಿ ಬರೆದದ್ದು ಉಳಿಯುತ್ತದೆ, ಮಗುವನ್ನು ಅಲ್ಲಿ ಬಿಡೋಣ ಎಂದರು. ಒಳ್ಳೆಯ ಮಾತೇ. ಮಡಿವಾಳಪ್ಪನೂ ತಲೆಯಾಡಿಸಿದ. ನೀಲಗಂಗಾ ಮಾತ್ರ ಒಪ್ಪಲಿಲ್ಲ. ಅವಳು ಮಾವನೆದುರು ಕೂತು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸಾಲಿ ಬ್ಯಾಡ ಅನ್ನೂದಿಲ್ರೀ ಮಾವಾರೆ," ಎಂದಳು. "ಆದ್ರ ಅಕಿನ್ನ ಅಲ್ಲಿ ಬಿಟ್ಟು ಬರುವಾಗ, ತಿರುಗಿ ಕರಕೊಂಡು ಹೋಗಾಕ ಬರ್ತೀನಿ ಅಂತ ನಾ ಹೆಂಗ ಹೇಳ್ಲಿ? ಅಕಿಗೆ ನಾಳೆ ಅನ್ನೂದು ಗೊತ್ತಿಲ್ಲ. ಅಜ್ಜಿ ಹ್ವಾದಂಗ ಇವರೂ ಹ್ವಾದ್ರು ಅನ್ಕೋತಾಳ. ನಾಳೆ ಅನ್ನೂದನ್ನ ಕಲಿಸಿ ಕಳಸ್ತೀನಿ. ಅಲ್ಲೀಮಟ ತಡೀರಿ."

ಯಾರು ಕಲಿಸುತ್ತಾರೆ ಎಂದು ಅವರು ಕೇಳಿದರು. ಊರಲ್ಲಿ ಆ ವಿದ್ಯೆ ತಿಳಿದವರು ಒಬ್ಬರೂ ಇರಲಿಲ್ಲ. ಮೊದಲು ನಾನು ಕಲಿಯುತ್ತೇನೆ ಎಂದಳು ಅವಳು. ರುದ್ರಮುನಿ ಅವರು ಒಂದು ವರ್ಷ ಬಿಟ್ಟುಕೊಟ್ಟು, ಅಷ್ಟರಲ್ಲಿ ಎಂಟು ತುಂಬುತ್ತದೆ, ಹೆಸರು ಒಪ್ಪಿಸುವ ವಿಚಾರವೂ ಇದೆ ಎಂದು ಮೆಲ್ಲಗೆ ನೆನಪು ಮಾಡಿದರು.

ಮಧ್ಯಾಹ್ನ ಗಿರಣಿ ನಿಲ್ಲಿಸಿದ ಮೇಲೆ ನನ್ನ ಜಗುಲಿಯಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ. ನೀಲಗಂಗಾ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದು ಕೂರತೊಡಗಿದಳು. ಬೇಕಾದದ್ದನ್ನು ಫೋನಿಗೆ ಬಾಯಿಂದ ಹೇಳಿ ಹುಡುಕಿಸುವಳು. ಬಂದದ್ದರಲ್ಲಿ ಅರ್ಧ ಅವಳಿಗೆ ತಿಳಿಯದ ಭಾಷೆಯಲ್ಲಿ ಇರುತ್ತಿತ್ತು, ಮಿಕ್ಕದ್ದು ಹೊಟ್ಟೆಪಾಡಿಗೆ ಏನಾದರೂ ಮಾರುವವರದು. ಕಿವಿಗೆ ಹಾಕುವ ಎಣ್ಣೆ, ಕೊರಳಿಗೆ ಕಟ್ಟುವ ಬೇರು. ಬೇಜಾರಾದಾಗ ಕುಪ್ಪಸ ಹೊಲಿಯುವ ವಿಡಿಯೊ ನೋಡುತ್ತಿದ್ದಳು. ಹಾಗೆ ಒಂದು ದಿನ ಒಬ್ಬ ಹೆಂಗಸು ಕುಪ್ಪಸದ ಕೊರಳು ಅಳೆದು ಕತ್ತರಿಸುವುದನ್ನು ಒಂದೂ ಮಾತಿಲ್ಲದೆ ಬರೀ ಕೈಯಲ್ಲಿ ವಿವರಿಸುವುದನ್ನು ಕಂಡಳು. ಬಟ್ಟೆ ಎಳೆಯಬೇಡ, ಎಳೆದರೆ ಕೊರಳು ಬಾಯಿ ಬಿಡುತ್ತದೆ ಎಂಬುದು ನನಗೂ ತಿಳಿಯಿತು. ನಾವಿಬ್ಬರೂ ಆ ಕೈಗಳನ್ನೇ ನೋಡುತ್ತಿದ್ದಾಗ ದಾಕ್ಷಿ ಅಮ್ಮನ ತೊಡೆಯ ಮೇಲೆ ಹತ್ತಿ ಕೂತು, ಪರದೆಯನ್ನು ಮುಟ್ಟಿ, ಫೋನನ್ನು ತಿರುಗಿಸಿ ಹಿಂದುಗಡೆ ಯಾರಿದ್ದಾರೆ ಎಂದು ನೋಡಿದಳು.

ವಿಡಿಯೊದ ಆ ಹೆಂಗಸಿನ ಹೆಸರು ರೆಹಮತ್‌ಬಿ. ಹುಟ್ಟಿನಿಂದ ಕಿವುಡಿ, ಎಲ್ಲೋ ದೂರದ ಪೇಟೆಯಲ್ಲಿ ಟೇಲರ್ ಅಂಗಡಿ. ನೀಲಗಂಗಾ ದಾಕ್ಷಿಯ ವಿಡಿಯೊ ಮಾಡಿ ಅವಳಿಗೆ ಕಳಿಸಿದಳು. ಮಗುವಿನ ಕಿವಿ ತೋರಿಸಿ, ಇಲ್ಲ ಎಂದು ಕೈಯಾಡಿಸಿ, ತನ್ನ ಎದೆ ಮುಟ್ಟಿ ಕೈ ಮುಗಿದಳು. ಸಂಜೆಯೊಳಗೆ ಮರುವಿಡಿಯೊ ಬಂತು. ರೆಹಮತ್‌ಬಿ ನೇರವಾಗಿ ದಾಕ್ಷಿಯನ್ನೇ ನೋಡಿ ಏನೋ ಹೇಳಿದ್ದಳು. ಅದೇನೆಂದು ನಮಗೆ ತಿಳಿಯಲಿಲ್ಲ. ಅದನ್ನು ತಿಳಿಯಲೆಂದೇ ನೀಲಗಂಗಾ ಮುಂದಿನ ಮನುಷ್ಯನನ್ನು ಹುಡುಕಿದಳು. ಜಯತೀರ್ಥ ಮಾಸ್ತರರು ಕಿವುಡ ಮಕ್ಕಳ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಕಿವಿ ಕೇಳುವವರು. ಯಾರಾದರೂ ಏನಾದರೂ ಕೇಳಲಿ ಎಂದು ಕಾದು ಕೂತವರ ಹಾಗಿದ್ದರು. ಅವರ ಧ್ವನಿಸಂದೇಶಗಳು ಎಷ್ಟು ಉದ್ದವೆಂದರೆ ಒಂದು ಕೇಳುವಷ್ಟರಲ್ಲಿ ನನ್ನ ಅಕ್ಕಿ ಆರಿಸಿ ಮುಗಿಯುತ್ತಿತ್ತು. ರೆಹಮತ್‌ಬಿ ಹೇಳಿದ್ದನ್ನು ಅವರು ಬಿಡಿಸಿ ಹೇಳಿದರು: ನಿನ್ನ ಹಾಗೇ ನಾನು, ದಿನಾ ಬಾ, ಮಾತಾಡೋಣ.

ಮೂರನೆಯವಳು ಲಿಲ್ಲಿಬಾಯಿ. ಕಡಲ ಕಡೆಯ ಹೆಂಗಸು, ಕಿವುಡ ಹುಡುಗನ ತಾಯಿ. ಅವನೀಗ ಕಾಲೇಜಿಗೆ ಹೋಗುತ್ತಾನೆ. ಇಂಥ ತಾಯಂದಿರದೇ ಒಂದು ಗುಂಪು ಫೋನಿನಲ್ಲಿತ್ತು, ಅದಕ್ಕೆ ನೀಲಗಂಗಾಳನ್ನೂ ಸೇರಿಸಿದಳು. ಪುಸ್ತಕದಲ್ಲಿ ಇಲ್ಲದ ಸಣ್ಣಪುಟ್ಟ ವಿಷಯಗಳನ್ನೆಲ್ಲ ಹೇಳಿಕೊಟ್ಟವಳು ಅವಳೇ. ಮಗುವನ್ನು ಕರೆಯಬೇಕಾದರೆ ನೆಲ ಬಡಿಯಬೇಕು, ದೀಪದ ಎದುರು ನಿಂತು ಮಾತಾಡಬಾರದು, ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಎಲ್ಲಿಗೆ ಹೊರಟರೂ ಮೊದಲು ಆ ಜಾಗದ ಫೋಟೊ ತೋರಿಸಬೇಕು. ಫೋನಿನಲ್ಲಿ ಬರೆದಿಟ್ಟ ಹೆಸರುಗಳು ಸಂಜೆಗೆ ಹೋಗಿಬಿಡುವುದರಿಂದ ನೀಲಗಂಗಾ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಇಟ್ಟಳು. ರೆಹಮತ್‌ಬಿಗೆ ಕತ್ತರಿ, ಮಾಸ್ತರರಿಗೆ ಕನ್ನಡಕ, ಲಿಲ್ಲಿಬಾಯಿಗೆ ಮೀನು. ದಾಕ್ಷಿ ಆ ಚಿತ್ರ ಒತ್ತಿ ತಾನೇ ಕರೆ ಮಾಡುವುದನ್ನು ಬಹಳ ಬೇಗ ಕಲಿತಳು. ಗಿರಾಕಿ ಎದುರಿಗಿದ್ದರೂ ರೆಹಮತ್‌ಬಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಫೋನು ಎತ್ತುತ್ತಿದ್ದಳು.

ಕಲಿಯುವುದು ಸುಲಭವಾಗಿರಲಿಲ್ಲ. ನೀಲಗಂಗಾ ಕೈಯನ್ನೇನೋ ಸರಿಯಾಗಿಯೇ ಆಡಿಸುತ್ತಿದ್ದಳು. ರೆಹಮತ್‌ಬಿ ಮಾತ್ರ ಮತ್ತೆ ಮತ್ತೆ ತಲೆ ಅಲ್ಲಾಡಿಸುತ್ತಿದ್ದಳು. ಕೊನೆಗೆ ಮಾಸ್ತರರ ಹತ್ತಿರ ಹೇಳಿ ಕಳಿಸಿದಳಂತೆ: ಈ ಹುಡುಗಿಯ ಕೈ ಪ್ರಶ್ನೆ ಕೇಳುತ್ತದೆ, ಮುಖ ಮಾತ್ರ ಬಾಗಿಲು ಹಾಕಿಕೊಂಡಿದೆ, ಹುಬ್ಬು ಎತ್ತದೆ ಕೇಳಿದರೆ ಅದು ಪ್ರಶ್ನೆಯೇ ಅಲ್ಲ. ಸೊಸೆಯಾಗಿ ಬಂದ ಮೇಲೆ ಮುಖದಲ್ಲಿ ಏನೂ ತೋರಿಸದೆ ಇರುವುದನ್ನು ಕಷ್ಟಪಟ್ಟು ಕಲಿತವಳು ನೀಲಗಂಗಾ. ಈಗ ಕನ್ನಡಿ ಇಟ್ಟುಕೊಂಡು ಕಣ್ಣು ಅಗಲಿಸುವುದು, ಕೆನ್ನೆ ಉಬ್ಬಿಸುವುದು, ತುಟಿ ಸೊಟ್ಟ ಮಾಡುವುದು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿಯುತ್ತಿತ್ತು. ನಾನೂ ಜೊತೆಗೆ ಕಲಿಯುತ್ತಿದ್ದೆ. ಗಿರಣಿ ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನುಣ್ಣಗೆ, ತರಿ, ಸಾಕು, ಇನ್ನೊಂದು ಸುತ್ತು, ಎಲ್ಲವನ್ನೂ ನಾವು ಮೊದಲಿನಿಂದ ಕೈಯಲ್ಲೇ ಹೇಳುವವರು. ಅವನ್ನು ನೀಲಗಂಗಾ ವಿಡಿಯೊ ಮಾಡಿ ಕಳಿಸಿದಾಗ ರೆಹಮತ್‌ಬಿ ತನ್ನ ಗೆಳತಿಯರಿಗೆಲ್ಲ ತೋರಿಸಿದಳಂತೆ. ನಮ್ಮ 'ತರಿ' ಎಂಬುದು ಈಗ ಅವರಲ್ಲೂ ನಡೆಯುತ್ತದೆ.

ನಡುವೆ ಒಂದು ಕೆಟ್ಟ ಕಾಲ ಬಂತು. ತಾಯಂದಿರ ಗುಂಪಿಗೆ ಹೊಸದಾಗಿ ಸೇರಿದ್ದ ಒಬ್ಬ, ತಾನು ಮಾತು ಬರಿಸುವ ವೈದ್ಯನೆಂದು ಹೇಳಿಕೊಳ್ಳುವವನು, ನೀಲಗಂಗಾಳಿಗೆ ಬೇರೆಯಾಗಿ ಕರೆ ಮಾಡಿದ. ಕೈಯಾಡಿಸುವುದನ್ನು ರೂಢಿ ಮಾಡಿಸಿದರೆ ನಾಲಿಗೆ ಏಳುವುದೇ ಇಲ್ಲ, ಎರಡು ತಿಂಗಳು ಮಗುವಿನ ಕೈ ಕಟ್ಟಿ ತುಟಿಯನ್ನೇ ನೋಡಿಸಿ, ಮಾತು ತಾನಾಗಿ ಬರುತ್ತದೆ ಎಂದ. ಅವನ ಮಾತಿನಲ್ಲಿ ಎಂಥ ಭರವಸೆ ಇತ್ತೆಂದರೆ ಕೇಳಿದ ನನಗೂ ಹೌದೇನೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಮಗಳು ಕಟ್ಟೆಯ ಮೇಲೆ ನಿಂತು ಬಾಯಿ ತೆರೆದು ಹೆಸರು ಹೇಳುವ ಚಿತ್ರ ನೀಲಗಂಗಾಳ ಕಣ್ಣಿಗೆ ಕಟ್ಟಿತು. ಕೈ ಕಟ್ಟಲು ಅವಳಿಗೆ ಮನಸ್ಸು ಬರಲಿಲ್ಲ, ಆದರೆ ತಾನು ಕೈಯಲ್ಲಿ ಮಾತಾಡುವುದನ್ನು ನಿಲ್ಲಿಸಿದಳು. ಕತ್ತರಿಯ ಚಿತ್ರ ಮಿನುಗಿದರೆ ಫೋನನ್ನು ಮಗುಚಿ ಇಡುವಳು. ಮಗುವಿನ ಗದ್ದ ಹಿಡಿದು ಅಮ್ಮ, ಅಮ್ಮ ಎಂದು ತುಟಿ ತೋರಿಸುವಳು. ದಾಕ್ಷಿ ಮೊದಮೊದಲು ಎರಡೂ ಕೈಯಲ್ಲಿ ಕೇಳಿದಳು, ಬೇಡಿದಳು. ಆಮೇಲೆ ಸುಮ್ಮನಾದಳು. ಮತ್ತೆ ಅಜ್ಜಿಯ ತಟ್ಟೆಯ ಮುಂದೆ ಹೋಗಿ ಕೂರತೊಡಗಿದಳು, ಕೈಗೆ ಹಲ್ಲಿನ ಗುರುತು ಬಂತು.

ಅದನ್ನು ಕಂಡ ದಿನ ನೀಲಗಂಗಾ ತಾನೇ ಕತ್ತರಿಯ ಚಿತ್ರ ಒತ್ತಿ, ನಡೆದದ್ದನ್ನೆಲ್ಲ ಹೇಳಿದಳು. ರೆಹಮತ್‌ಬಿ ಅಂಗಡಿಯ ಬಾಗಿಲು ಹಾಕಿ ಬಂದು ಕೂತಳು. ಆಮೇಲೆ ತನ್ನ ಕತೆ ಹೇಳಿದಳು. ಅಷ್ಟು ಹೊತ್ತಿಗೆ ನೀಲಗಂಗಾಳಿಗೆ ಅದು ತಿಳಿಯುವಷ್ಟು ಕೈಮಾತು ಬಂದಿತ್ತು. ಚಿಕ್ಕವಳಿದ್ದಾಗ ಅವಳ ಕೈಯನ್ನೂ ಕಟ್ಟಿದ್ದರು. ಮಾತು ಬರಲಿಲ್ಲ. ಅವಳಿಗೆ ಹಸಿವು ಎಂದು ಹೇಳಲು ಬಂದದ್ದೇ ಹನ್ನೊಂದನೆಯ ವಯಸ್ಸಿಗೆ, ತನ್ನ ಹಾಗಿರುವ ಇನ್ನೊಬ್ಬರನ್ನು ಕಂಡ ಮೇಲೆ. ಆ ಹಿಂದಿನ ವರ್ಷಗಳು ತನಗೆ ನೆನಪೇ ಇಲ್ಲ, ಹೆಸರಿಲ್ಲದ್ದನ್ನು ಹೇಗೆ ನೆನಪಿಡಲಿ ಎಂದಳು. ನೀಲಗಂಗಾ ಆ ವೈದ್ಯನ ಕರೆ ಮುಂದೆಂದೂ ಬರದ ಹಾಗೆ ಮಾಡಿದಳು, ಗುಂಪಿನ ತಾಯಂದಿರಿಗೂ ತನಗಾದದ್ದನ್ನು ಮುಚ್ಚಿಡದೆ ಹೇಳಿದಳು. ಆಮೇಲಿಂದ ಯಾರು ಏನು ಹೇಳಿದರೂ ಮೊದಲು ಕತ್ತರಿಗೆ, ಆಮೇಲೆ ಕನ್ನಡಕಕ್ಕೆ, ಆಮೇಲೆ ಮೀನಿಗೆ ತೋರಿಸಿಯೇ ಒಪ್ಪುವುದೆಂದು ನಿಯಮ ಮಾಡಿಕೊಂಡಳು.

'ನಾಳೆ' ಬಂದದ್ದು ಮಳೆಗಾಲ ಕಳೆದ ಮೇಲೆ. ಲಿಲ್ಲಿಬಾಯಿ ಒಂದು ಉಪಾಯ ಹೇಳಿದ್ದಳು. ಬೆಳಿಗ್ಗೆ ಬಸ್ಸು ಹೊರಡುವಾಗ ಮಡಿವಾಳಪ್ಪ ಮಗಳಿಗೆ ಒಂದು ಬಾಳೆಹಣ್ಣು ತೋರಿಸಿ, ಈಗ ಇಲ್ಲ, ನಾಳೆ ಎಂದು ಕೈಯನ್ನು ಮುಂದಕ್ಕೆ ಚಾಚಬೇಕು. ಮರುದಿನ ಅದೇ ಜಾಗದಲ್ಲಿ ಕೊಡಬೇಕು. ಮೊದಮೊದಲು ದಾಕ್ಷಿ ಅಪ್ಪನ ಅಂಗಿ ಹಿಡಿದು ಅತ್ತಳು. ಮಾತು ಕಡಿಮೆಯ ಆ ಮನುಷ್ಯ ಬಸ್ಸು ತುಂಬ ಜನ ಗೊಣಗಿದರೂ ತಪ್ಪದೆ ಇಳಿದು ಬಂದು ಇದನ್ನು ಮಾಡುತ್ತಿದ್ದ. ಒಂದು ಬೆಳಿಗ್ಗೆ ಅವನು ಕೈ ಎತ್ತುವ ಮೊದಲೇ ಅವಳು ತನ್ನ ಕೈಯನ್ನು ಮುಂದಕ್ಕೆ ಚಾಚಿ, ಅಪ್ಪನನ್ನು ತೋರಿಸಿ, ಹುಬ್ಬು ಎತ್ತಿದಳು. ನಾಳೆ ನೀನು ಬರುತ್ತೀಯಾ? ಬರುತ್ತೇನೆ ಎಂದ ಮಡಿವಾಳಪ್ಪ. ಅವಳು ಬಾಳೆಹಣ್ಣನ್ನೂ ಕೇಳದೆ ಗಿರಣಿಗೆ ಓಡಿಬಂದು ನನಗೆ ಅದನ್ನೇ ಹೇಳಿದಳು: ಅಪ್ಪ, ನಾಳೆ, ಬರ್ತಾನೆ.

ಸಂಕ್ರಮಣ ಹತ್ತಿರವಾದಾಗ ನೀಲಗಂಗಾ ಮಾವನ ಬಳಿ ಹೋಗಿ, ದಾಕ್ಷಿ ಕೈಯಲ್ಲಿ ಹೆಸರು ಒಪ್ಪಿಸುತ್ತಾಳೆ ಎಂದಳು. ಓಣಿಯವರು ಗುಸುಗುಸು ಶುರು ಮಾಡಿದರು. ಕೈಯಾಡಿಸಿದರೆ ಅದು ಹೇಳಿದ ಹಾಗಾಯಿತೇ, ನಾಳೆ ಯಾರೋ ತಲೆಯಾಡಿಸಿ ಆಸ್ತಿ ಕೇಳಿದರೆ ಏನು ಮಾಡುವುದು ಎಂದೆಲ್ಲ ಆಡಿಕೊಂಡರು. ರುದ್ರಮುನಿ ಅವರು ರಾತ್ರಿ ಕಳೆದು ಬೆಳಿಗ್ಗೆ ಉತ್ತರ ಕೊಟ್ಟರು. "ರೂಢಿಯೊಳಗ 'ತಾನ ಹೇಳಬೇಕು' ಅಂತ ಐತಿ. 'ಬಾಯಿಲೆ' ಅಂತ ನಾ ಕೇಳಿಲ್ಲ, ನಮ್ಮಪ್ಪಾನೂ ಹೇಳಿಲ್ಲ. ಇಲ್ಲದ್ದು ನಾ ಸೇರ್ಸೂದಿಲ್ಲ. ಆದ್ರ ಮನಿಯವರಲ್ಲದವರು ಒಬ್ರು ತಿಳಕೊಂಡು ತಿರುಗಿ ಹೇಳಬೇಕು. ಯಾರದಾರ?" ನಾನು ಇದ್ದೇನೆ ಎಂದೆ. ಅಂದಿನಿಂದ ಮಾಸ್ತರರು ನನಗೂ ಪಾಠ ಹೇಳತೊಡಗಿದರು.

ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರು ಬೇಕು. ದಾಕ್ಷಿಯ ಗದ್ದದ ಗುಳಿ ನೋಡಿ ರೆಹಮತ್‌ಬಿ ಅವಳಿಗೆ ಗದ್ದಕ್ಕೆ ಬೆರಳಿಡುವ ಹೆಸರು ಕೊಟ್ಟಿದ್ದಳು. ಮಿಕ್ಕವರ ಹೆಸರನ್ನು ದಾಕ್ಷಿಯೇ ಇಟ್ಟಳು. ಅಮ್ಮನಿಗೆ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸುವುದು, ಅಪ್ಪನಿಗೆ ಬಸ್ಸಿನ ಚಕ್ರ ತಿರುಗಿಸುವುದು, ಅಜ್ಜನಿಗೆ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುವುದು. ಅಜ್ಜಿಗೆ ನಶ್ಯ ಏರಿಸುವುದು. ಅದನ್ನು ಯಾರೂ ಕಲಿಸಿರಲಿಲ್ಲ.

ಆ ದಿನ ಓಣಿಗೆ ಓಣಿಯೇ ಸೇರಿತ್ತು. ಬೇರೆ ಮಕ್ಕಳು ಗಟ್ಟಿಯಾಗಿ ಹೇಳಿ ಇಳಿದರು. ದಾಕ್ಷಿ ಹಸಿರು ಲಂಗ ಹಾಕಿಕೊಂಡು ಕಟ್ಟೆ ಹತ್ತಿದಳು. ಎದುರಿಗೆ ನಾನು. ಅವಳು ಕೂದಲು ಸರಿಸಿದಳು. ತಾಯಿ ನೀಲಗಂಗಾ ಎಂದೆ. ಚಕ್ರ ತಿರುಗಿಸಿದಳು, ತಂದೆ ಮಡಿವಾಳಪ್ಪ. ಕಣ್ಣು ಮುಚ್ಚಿ ತೆರೆದಳು, ಅಜ್ಜ ರುದ್ರಮುನಿ. ಜನ ನಕ್ಕರು, ಆದರೆ ಅದು ಒಳ್ಳೆಯ ನಗು. ಮೂಗಿಗೆ ಬೆರಳು ಒತ್ತಿದಳು, ಅಜ್ಜಿ ಗುರಸಿದ್ದವ್ವ. ಇನ್ನು ಅವಳದೊಂದೇ ಬಾಕಿ. ದಾಕ್ಷಿ ಮುಂದಕ್ಕೆ ಹೋಗಲಿಲ್ಲ. ಮತ್ತೆ ಮೂಗಿಗೆ ಬೆರಳು ಇಟ್ಟಳು. ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಸೆದಳು. ಎರಡೂ ಅಂಗೈ ತೆರೆದು ಹುಬ್ಬು ಎತ್ತಿದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ಅಜ್ಜನನ್ನು.

ಏನಂದಳು ಎಂದು ರುದ್ರಮುನಿ ಅವರು ಕೇಳಿದರು. ಮಗು ಹೇಳಿದ್ದನ್ನು ತಿರುಗಿ ಹೇಳುತ್ತೇನೆಂದು ಒಪ್ಪಿ ನಿಂತವಳು ನಾನು.

"ನಮ್ಮಜ್ಜಿ ಎಲ್ಲಿ ಅಂತ ಕೇಳಾಕತ್ತಾಳ್ರೀ," ಎಂದೆ. "ಭಾಳ ದಿನ ಆತು, ಎಲ್ಲಿ ಹ್ವಾದ್ಲು ಅಂತ."

ರುದ್ರಮುನಿ ಅವರು ಹೆಂಡತಿ ಸತ್ತ ದಿನ ಅವಳ ಹೆಸರನ್ನು ನೆನಪಿಗೆ ಸೇರಿಸುವಾಗಲೂ ತಡವರಿಸಿದವರಲ್ಲ. ಈಗ ಅವರ ಬಾಯಿ ಎರಡು ಸಲ ತೆರೆದು ಮುಚ್ಚಿಕೊಂಡಿತು. ಕೋಲು ಊರಿ ಎದ್ದು ಸೊಸೆಯ ಕಡೆ ತಿರುಗಿದರು.

"ಇದನ್ನ ಕೈಲೆ ಹೆಂಗ ಹೇಳ್ತಾರವ್ವಾ? ನಾನ ಹೇಳ್ತೀನಿ. ನನ್ನ ಹೇಣ್ತಿ ಅಕಿ."

"ನನಗ ಗೊತ್ತಿಲ್ರೀ ಮಾವಾರೆ," ಎಂದಳು ನೀಲಗಂಗಾ. "ಇದೊಂದನ್ನ ನಾ ಯಾರನ್ನೂ ಕೇಳಲಿಲ್ಲ."

ಹಾಗೆಂದವಳೇ ಫೋನು ತೆಗೆದು ಕತ್ತರಿಯ ಚಿತ್ರ ಒತ್ತಿದಳು. ರೆಹಮತ್‌ಬಿ ಮಷಿನ್ನಿನ ಮುಂದೆ ಇದ್ದಳು. ನೀಲಗಂಗಾ ಕೇಳಿದ್ದನ್ನು ನೋಡಿ ಬಾಯಲ್ಲಿದ್ದ ದಾರ ತೆಗೆದು ಪಕ್ಕಕ್ಕಿಟ್ಟಳು. ಯಾರು ಸತ್ತದ್ದು, ಯಾರು ಹೇಳುವವರು ಎಂದು ಕೇಳಿ ತಿಳಿದುಕೊಂಡು, ಅದನ್ನು ತೋರಿಸಿದಳು. ನೆಟ್ಟಗೆ ನಿಂತ ಅಂಗೈ ಮೆಲ್ಲಗೆ ಮಗ್ಗುಲಾಗಿ ಮಲಗುತ್ತದೆ, ಅಷ್ಟೇ. ಆಮೇಲೆ ಇನ್ನೂ ಒಂದು ಮಾತು ಹೇಳಿದಳು, ಅದನ್ನು ನೀಲಗಂಗಾ ಮಾವನಿಗೆ ಬಾಯಲ್ಲಿ ಹೇಳಿದಳು: ನಗಬೇಡಿ, ಮುಖ ತಿರುಗಿಸಬೇಡಿ, ಹೇಳಿದ ಮೇಲೆ ಅವಳನ್ನು ಬೇರೆ ಯಾವುದಕ್ಕೂ ಎಳೆಯದೆ ಕಾಯಿರಿ.

ರುದ್ರಮುನಿ ಅವರು ಕಟ್ಟೆ ಹತ್ತಿ ಮೊಮ್ಮಗಳ ಎದುರು ಕೂತರು. ಕೋಲನ್ನು ಕೆಳಗಿಟ್ಟು, ಮೂಗಿಗೆ ಬೆರಳು ಒತ್ತಿ, ಅಂಗೈಯನ್ನು ಎತ್ತಿ ಹಿಡಿದು ಮಲಗಿಸಿದರು. ದಾಕ್ಷಿ ನೋಡಿದಳು. ತನ್ನ ಕೈಯಲ್ಲೂ ಅದನ್ನು ಮಾಡಿದಳು. ಆಮೇಲೆ ಕೈಯನ್ನು ಮುಂದಕ್ಕೆ ಚಾಚಿ ಹುಬ್ಬು ಎತ್ತಿದಳು. ನಾಳೆ ಬರುತ್ತಾಳಾ? ಅವರು ಇಲ್ಲವೆಂದು ತಲೆಯಾಡಿಸಿದರು. ಅವಳು ಇನ್ನೂ ಮುಂದಕ್ಕೆ, ತೋಳು ಎಷ್ಟು ದೂರ ಹೋಗುತ್ತದೋ ಅಷ್ಟು ದೂರಕ್ಕೆ ಚಾಚಿದಳು. ಇಲ್ಲ ಎಂದರು. ಆಗ ದಾಕ್ಷಿ ಅತ್ತಳು. ಕಚ್ಚಲಿಲ್ಲ, ಒದ್ದಾಡಲಿಲ್ಲ, ಸತ್ತ ಮನೆಯಲ್ಲಿ ಅಳುವ ಹಾಗೆ, ಮುಖ ಕೆಳಗೆ ಹಾಕಿ ಅತ್ತಳು. ಅಜ್ಜ ಎದುರಿಗೆ ಕೂತೇ ಇದ್ದರು, ಅವರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಯಾರೂ ಎದ್ದು ಹೋಗಲಿಲ್ಲ. ಗುರಸಿದ್ದವ್ವನನ್ನು ಮಣ್ಣು ಮಾಡಿದ ದಿನವೂ ಓಣಿ ಅಷ್ಟು ಹೊತ್ತು ಕಾದಿರಲಿಲ್ಲ.

ಅತ್ತು ಮುಗಿದ ಮೇಲೆ ದಾಕ್ಷಿ ಲಂಗದಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತು ಗದ್ದಕ್ಕೆ ಬೆರಳಿಟ್ಟಳು. ದಾಕ್ಷಾಯಣಿ ಎಂದೆ. ಹಿಂದಿನವರಿಗೆ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ರುದ್ರಮುನಿ ಅವರು ಹೆಸರನ್ನು ಬಾಯಲ್ಲಿ ಹೇಳಿ ಲೆಕ್ಕಕ್ಕೆ ತೆಗೆದುಕೊಂಡು, ತಮ್ಮ ಗದ್ದಕ್ಕೂ ಬೆರಳಿಟ್ಟರು.

ಆ ವಾರವಿಡೀ ಗಿರಣಿಗೆ ಬಂದವರಿಗೆಲ್ಲ ದಾಕ್ಷಿ ಅದೇ ಸುದ್ದಿ ಹೇಳಿದಳು. ಅಜ್ಜಿ ಸತ್ತಳು, ಬರುವುದಿಲ್ಲ. ಜನ ಜೋಳದ ಬುಟ್ಟಿ ಇಳಿಸಿ ಕೇಳಿಸಿಕೊಂಡರು. ತಟ್ಟೆಯನ್ನು ಅವಳೇ ತೊಳೆದು ಮೇಲಿಟ್ಟಳು. ಈಗ ಓಣಿಯಲ್ಲಿ ಹತ್ತಾರು ಮಾತನ್ನಾದರೂ ಕೈಯಲ್ಲಿ ಆಡಬಲ್ಲವರು ಬಹಳ ಜನ ಇದ್ದಾರೆ. ನೀಲಗಂಗಾಳ ಫೋನಿನಲ್ಲಿ ಹೊಸ ಚಿತ್ರಗಳು ಸೇರಿವೆ. ಎಲ್ಲೆಲ್ಲಿಯವರೋ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಏನು ಕೇಳಬೇಕೆಂದು ತೋಚದೆ ಕರೆ ಮಾಡುತ್ತಾರೆ. ಅವಳು ಒಲೆಯ ಮೇಲಿನ ಸಾರು ಇಳಿಸಿ ಬಂದು ಉತ್ತರ ಕೊಡುತ್ತಾಳೆ. ತನಗೆ ತಿಳಿಯದಿದ್ದರೆ ತಿಳಿದವರಿಗೆ ಗಂಟು ಹಾಕುತ್ತಾಳೆ.

ಜೂನ್‌ನಲ್ಲಿ ದಾಕ್ಷಿಯನ್ನು ಆ ವಸತಿ ಸಾಲೆಗೆ ಬಿಡಲು ಹೊರಟಾಗ ನೀಲಗಂಗಾ ನನ್ನನ್ನೂ ಕರೆದಳು. ಊರ ಗಡಿ ದಾಟಿ ಸಂಜೆಯವರೆಗೆ ಹೊರಗಿದ್ದದ್ದು ನನ್ನ ಜನ್ಮದಲ್ಲೇ ಅದು ಮೊದಲು. ಹೊತ್ತು ಮುಳುಗುತ್ತ ಬಂದರೂ ಸಾಲೆಯ ಗೋಡೆಯ ಮೇಲಿನ ಅಕ್ಷರಗಳು ಹೋಗಲಿಲ್ಲ. ಅಂಗಳದಲ್ಲಿ ಮಕ್ಕಳು ಕೈಯಲ್ಲಿ ಜಗಳವಾಡುತ್ತಿದ್ದರು. ನೀಲಗಂಗಾ ಮಗಳ ಮುಂದೆ ಮೊಣಕಾಲೂರಿ, ಬಸ್ಸಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳತೊಡಗಿದಳು. ಇಷ್ಟು ಸಲ ಮಲಗಿ ಏಳಬೇಕು, ಆಮೇಲೆ ನಾನು ಬರುತ್ತೇನೆ, ಅಪ್ಪ ಬಸ್ಸು ತರುತ್ತಾನೆ, ಮನೆಗೆ ಹೋಗೋಣ. ಮತ್ತೆ ಮೊದಲಿನಿಂದ. ದಾಕ್ಷಿ ಅಮ್ಮನ ಎರಡೂ ಕೈ ಹಿಡಿದು ಕೆಳಗೆ ಒತ್ತಿದಳು. ಗೊತ್ತು ಎಂದಳು. ನಾಳೆ, ನಾಳೆ, ನಾಳೆ, ಆಮೇಲೆ ಬರ್ತೀಯ, ಗೊತ್ತು. ನೀವು ಹೋಗಿ, ಅಪ್ಪ ಕಾಯ್ತಾ ಇದ್ದಾನೆ. ಹಾಗೆಂದವಳು ಮಕ್ಕಳ ಜಗಳದ ಕಡೆ ಓಡಿದಳು.

ನೀಲಗಂಗಾ ಗೇಟಿನ ಹತ್ತಿರ ನಿಂತು ಸುಮಾರು ಹೊತ್ತು ಕಾದಳು. ಆಮೇಲೆ ನನ್ನ ತೋಳು ಹಿಡಿದುಕೊಂಡಳು.

"ಹೊಳ್ಳಿ ನೋಡಲಿಲ್ಲ ನೋಡಕ್ಕಾ," ಎಂದಳು. ಅವಳ ಮುಖವೆಲ್ಲ ನಗುತ್ತಿತ್ತು.